ತಂಗಿ ಮಾಡಿಕೊಟ್ಟ ದೃಷ್ಟಿಗೊಂಬೆ

ಪಾಂಡವಪುರದಲ್ಲಿ ನಾವು ಮನೆ ಕಟ್ಟಿಸಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಾವು ಎಂದು ಬಾಯಿಮಾತಿಗೆ ಹೇಳುತ್ತೇನೆ, ಕಟ್ಟಿಸಿದವಳು ನಾನು. ನಮ್ಮ ಯಜಮಾನರು ಸಂಜೆ ಕಚೇರಿಯಿಂದ ಬಂದು ಗೋಡೆಯನ್ನೊಮ್ಮೆ ತಟ್ಟಿ, ಮೇಸ್ತ್ರಿಯ ಹತ್ತಿರ ನಿಂತು ರಾಜಕೀಯ ಮಾತಾಡಿ ಹೋಗುತ್ತಿದ್ದರು. ಕ್ಯಾತನಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ, ಕಬ್ಬಿನ ಗಾಡಿಗಳ ಹಿಂದೆ ತೆವಳಿಕೊಂಡು ಬರುವ ಬಸ್ಸಿನಿಂದ ಇಳಿದು, ಹೆಗಲ ಚೀಲ ಕೆಳಗಿಡುವ ಮೊದಲೇ ಗೋಡೆಗೆ ನೀರು ಹೊಡೆಯುತ್ತಿದ್ದವಳು ನಾನು. ಮೊಸಾಯಿಕ್ ನೆಲಕ್ಕೆ ಹಸಿರು ಚುಕ್ಕೆ ಬೇಕೋ ಕೆಂಪು ಚುಕ್ಕೆ ಬೇಕೋ ಎಂದು ನಿದ್ದೆಗೆಟ್ಟವಳು ನಾನು. ಅಡುಗೆಮನೆಯ ಕಟ್ಟೆ ನನ್ನ ಸೊಂಟದ ಎತ್ತರಕ್ಕೇ ಬರಬೇಕೆಂದು ಜಗಳವಾಡಿ, ಕಟ್ಟಿದ್ದನ್ನು ಒಡೆಸಿ ಮತ್ತೆ ಕಟ್ಟಿಸಿದವಳೂ ನಾನೇ. ಹಾಲಿನಲ್ಲಿ ಗಾಜಿನ ಬಾಗಿಲಿನ ಶೋಕೇಸು, ಮಲಗುವ ಕೋಣೆಗೇ ಅಂಟಿಕೊಂಡ ಬಚ್ಚಲು, ಮೂಡಣ ಗಾಳಿ ಬರುವ ಹಾಗೆ ಕಿಟಕಿ. ನಮ್ಮ ಬೀದಿಯಲ್ಲಿ ಅಂಥ ಮನೆ ಇನ್ನೊಂದಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ಮನೆಯನ್ನು ಜನ ನೋಡಬೇಕಿತ್ತು. ಬಂದವರು ಒಂದೊಂದು ಕೋಣೆಯನ್ನೂ ನೋಡಿ ಒಂದಿಷ್ಟು ಹೊಟ್ಟೆ ಉರಿದುಕೊಳ್ಳಬೇಕಿತ್ತು. ಎಲ್ಲರಿಗಿಂತ ಮುಖ್ಯವಾಗಿ ನಮ್ಮವ್ವ ನೋಡಬೇಕಿತ್ತು. ನೋಡಿ, ‘ಚೆನ್ನಾಗದೆ ಕಣ್ ಮಗ’ ಎಂದು ಒಂದು ಮಾತು ಅನ್ನಬೇಕಿತ್ತು. ಆ ಮಾತನ್ನು ನಾನು ಅವಳ ಬಾಯಿಂದ ಅದುವರೆಗೂ ಕೇಳಿರಲಿಲ್ಲ.

ನನಗೊಬ್ಬಳು ತಂಗಿ. ಆ ಮಾತನ್ನು ಊಟದ ಜೊತೆ ಉಪ್ಪಿನಕಾಯಿಯಂತೆ ದಿನವೂ ಉಂಡು ಬೆಳೆದವಳು ಅವಳು.

ಬೆಳಗೊಳದ ನಮ್ಮ ತವರಿನಲ್ಲಿ ಏನೇ ಮುರಿಯಲಿ, ಹರಿಯಲಿ, ಒಡೆಯಲಿ, ಅದು ಅವಳ ಪಾಲು. ಒಡೆದ ಮಡಕೆಯ ಕಂಠ, ದರ್ಜಿಯ ಅಂಗಡಿಯ ಚಿಂದಿ, ಬತ್ತಿ ಸುಟ್ಟುಹೋದ ಲಾಟೀನು, ಹಳೆಯ ಕ್ಯಾಲೆಂಡರು, ಯಾವುದನ್ನೂ ತಿಪ್ಪೆಗೆ ಹಾಕಲು ಬಿಡುತ್ತಿರಲಿಲ್ಲ. ಹಿತ್ತಲ ಮೂಲೆಯಲ್ಲಿ ಕೂತು ಅದೇನೋ ಗೀಚಿ, ಅಂಟಿಸಿ, ಕಟ್ಟಿ ಎದ್ದು ಬಂದರೆ ಅವಳ ಕೈಯಲ್ಲಿ ಒಂದು ತೋರಣವೋ, ಹೂಕುಂಡವೋ, ನವಿಲೋ ಇರುತ್ತಿತ್ತು. ಅವ್ವ ಅದನ್ನು ಹಿಡಿದುಕೊಂಡು ಬೀದಿಗೇ ಹೋಗುತ್ತಿದ್ದಳು. ನಾಲೆಗೆ ಬಟ್ಟೆ ಒಗೆಯಲು ಹೋಗುವ ಹೆಂಗಸರನ್ನೆಲ್ಲ ನಿಲ್ಲಿಸಿ, “ನೋಡ್ರವ್ವ, ನಮ್ ಚಿಕ್ಕದು ಏನ್ ಮಾಡ್ಯದೆ ಅಂತ” ಎನ್ನುತ್ತಿದ್ದಳು. ಅದೇ ಹೊತ್ತಿನಲ್ಲಿ ನಾನು ಬಾವಿಯಿಂದ ನೀರು ಸೇದಿ ಹಂಡೆ ತುಂಬಿಸಿ, ಮುದ್ದೆ ತೊಳಸಿ, ತರಗತಿಗೆ ಮೊದಲಿಗಳಾಗಿ ಅಂಕಪಟ್ಟಿ ಹಿಡಿದು ನಿಂತಿದ್ದರೆ, “ಊಂ, ಒಳಿಕ್ಕೆ ಇಡು ಓಗು” ಎನ್ನುತ್ತಿದ್ದಳು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮವ್ವನಿಗೆ ಎರಡು ಹೆಗ್ಗಣಗಳಿದ್ದವು, ಮುದ್ದು ಮಾತ್ರ ಒಂದಕ್ಕೇ ಸಾಕಾಗುವಷ್ಟಿತ್ತು.

ನನ್ನ ಮದುವೆಯಲ್ಲೂ ಹಾಗೇ ಆಯಿತು. ಮೊಗ್ಗಿನ ಜಡೆ ಹೆಣೆದು, ಧಾರೆ ಸೀರೆ ಉಡಿಸಿ, ಊರಿನ ಹೆಂಗಸರೆಲ್ಲ ಸುತ್ತ ನಿಂತು ನೋಡುತ್ತಿದ್ದರೆ ಅವ್ವ ಅಡುಗೆ ಭಟ್ಟರ ಹತ್ತಿರ ಹೋಗಿ ಕೂತಿದ್ದಳು. ಧಾರೆ ಎರೆಯುವಾಗ ಬಂದಳು. ತಂಬಿಗೆಯ ನೀರನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ. ನನ್ನ ಜಡೆಗೆ ಸುತ್ತಿದ್ದ ಜರಿಯ ಕುಚ್ಚು ತಂಗಿ ಹಳೆಯ ಸೀರೆಯಂಚಿನಿಂದ ಮಾಡಿದ್ದು. ಅದನ್ನು ಮಾತ್ರ ಹಿಂದಿನಿಂದ ಕೈಯಲ್ಲಿ ಹಿಡಿದು, “ಕುಚ್ಚು ಚೆನ್ನಾಗದೆ” ಎಂದಳು. ಮದುಮಗಳು ನಾನು, ಹೊಗಳಿಸಿಕೊಂಡದ್ದು ಕುಚ್ಚು.

ತಂಗಿಯನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟರು. ಹೊಳೆ ಪಕ್ಕದ ಗದ್ದೆ, ಹಸು, ಎಮ್ಮೆ, ದೊಡ್ಡ ಮನೆ. ಕೆಲಸದ ನಡುವೆ ಅವಳ ಗೀಳು ಕಡಿಮೆಯಾದೀತು ಎಂದುಕೊಂಡಿದ್ದೆ. ಕಡಿಮೆಯಾಗುವುದಿರಲಿ, ಈಗ ಅವಳಿಗೆ ಬರೀ ಒಂದು ಮನೆಯ ಮುರುಕು ಸಾಮಾನಲ್ಲ, ಒಂದು ತಾಲ್ಲೂಕಿನ ಗುಜರಿ ಸಿಕ್ಕಿತು. ಹಾಲಿನ ಡೈರಿಯ ಕೆಲಸ ಎಂದು ಕೆ.ಆರ್. ಪೇಟೆಗೆ ಹೋದವಳು ಗುಜರಿ ಅಂಗಡಿ ಹೊಕ್ಕು ಬರುತ್ತಿದ್ದಳು. ನಾಗಮಂಗಲದಲ್ಲಿ ಹಿತ್ತಾಳೆ ಕೆಲಸದವರ ಬೀದಿಯಲ್ಲಿ ಮುರಿದ ದೀಪ, ಸೊಟ್ಟಗಾದ ಸರಪಳಿ ಸಿಗುತ್ತದೆಂದು ಅಲ್ಲಿಗೂ ಹೋಗುತ್ತಿದ್ದಳು. ಅವಳ ಮನೆಯ ಹಜಾರಕ್ಕೆ ಹೋದರೆ ತೂತು ಬಿದ್ದ ಕೊಳಗದಲ್ಲಿ ಬಳ್ಳಿ ಹಬ್ಬಿರುತ್ತಿತ್ತು, ಗಾಡಿಯ ಚಕ್ರದ ನಡುವಿನ ಗುಂಬ ದೀಪದ ಕಂಬವಾಗಿರುತ್ತಿತ್ತು. ನಾನೂ ಒಮ್ಮೆ ಶ್ರೀರಂಗಪಟ್ಟಣದ ಗುಜರಿಯಲ್ಲಿ ಜಟಕಾ ಗಾಡಿಯ ಹಳೆಯ ದೀಪವೊಂದನ್ನು ತಂದು, ಹುಣಸೆಹಣ್ಣು ಹಾಕಿ ಉಜ್ಜಿ, ಬಾಡಿಗೆ ಮನೆಯ ಮೇಜಿನ ಮೇಲಿಟ್ಟೆ. ಬಂದವರೆಲ್ಲ, “ಇದ್ಯಾಕಮ್ಮ ಇಲ್ಲಿಟ್ಟಿದ್ದೀರಿ, ರಿಪೇರಿಗೆ ಕೊಡಬೇಕಿತ್ತಾ?” ಎಂದು ಕೇಳಿದರು. ಅವಳ ಕೈಯಲ್ಲಿ ಗುಜರಿಯೂ ಚೆಂದ, ನನ್ನ ಕೈಯಲ್ಲಿ ಚೆಂದವೂ ಗುಜರಿ. ದೀಪವನ್ನು ಅಟ್ಟಕ್ಕೆ ಎಸೆದೆ.

ಮನೆಗೆ ತಾರಸಿ ಹಾಕಿಸಿದ ಮೇಲೆ ದೃಷ್ಟಿಗೊಂಬೆಯ ಮಾತು ಬಂತು. ನಮ್ಮ ಕಡೆ ಮನೆ ಏಳುತ್ತಿದ್ದಂತೆ ಮುಂದುಗಡೆ ಏನಾದರೊಂದು ವಿಕಾರವಾದದ್ದನ್ನು ಕಟ್ಟುತ್ತಾರೆ. ಮಸಿ ಬಳಿದು ಸುಣ್ಣದ ಬೊಟ್ಟಿಟ್ಟ ಮಡಕೆ, ಹಳೆಯ ಮೆಟ್ಟು, ಹುಲ್ಲು ತುಂಬಿದ ಅಂಗಿ, ರಾಕ್ಷಸನ ಮುಖ ಬರೆದ ಬೂದುಗುಂಬಳ. ಕಲ್ಲೇಟಿಗಿಂತ ಕಣ್ಣೇಟು ಜೋರು ಎಂಬ ನಂಬಿಕೆ. ದಾರಿಹೋಕರ ಕಣ್ಣು ಮೊದಲು ಆ ಕುರೂಪದ ಮೇಲೆ ಬಿದ್ದರೆ ಅದರ ಉರಿಯೆಲ್ಲ ಅಲ್ಲೇ ಕಳೆದು, ಆಮೇಲೆ ಮನೆ ನೋಡಿದರೂ ತಾಗುವುದಿಲ್ಲವಂತೆ. ನಾನು ಪೇಟೆಯಿಂದ ಒಂದು ಪ್ಲಾಸ್ಟರಿನ ರಾಕ್ಷಸನ ಮುಖ ತಂದು ನೇತುಹಾಕುವ ಎಂದಿದ್ದೆ. ಆಗ ತಂಗಿ ಬಂದಿದ್ದಳು.

“ದುಡ್ ಕೊಟ್ಟು ಅದ್ಯಾಕಕ್ಕ ತತ್ತೀಯ. ನಿನ್ ಮನೆ ದಿಷ್ಟಿಗೊಂಬೆ ನಾನೇ ಮಾಡ್ಕೊಡ್ತೀನಿ ಬುಡು” ಎಂದಳು.

ಒಪ್ಪಿದೆ. ಯಾಕೆ ಒಪ್ಪಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ದೃಷ್ಟಿಗೊಂಬೆ ಎಷ್ಟು ಕುರೂಪವಾಗಿದ್ದರೆ ಅಷ್ಟು ಒಳ್ಳೆಯದು. ನನ್ನ ತಂಗಿ ಜೀವಮಾನದಲ್ಲಿ ಒಂದು ಸಲವಾದರೂ ಕುರೂಪವಾದದ್ದನ್ನು ಮಾಡಲಿ, ಅದು ನನ್ನ ಮನೆಯ ಮುಂದೆ ನೇತಾಡಲಿ, ಅದರ ಹಿಂದೆ ನನ್ನ ಮನೆ ಚೆಂದವಾಗಿ ನಿಂತಿರಲಿ ಎಂದು ಲೆಕ್ಕ ಹಾಕಿದೆ. ಅಂಥ ಸಂತೋಷ ನನಗೆ ಆವರೆಗೆ ಆಗಿರಲಿಲ್ಲ.

ಅದಕ್ಕೆ ಸಾಮಾನು ತರಲು ನಾನೂ ಅವಳ ಜೊತೆ ಕೆ.ಆರ್. ಪೇಟೆಗೆ ಹೋದೆ. ಗುಜರಿ ಅಂಗಡಿಯ ಸಾಬರು ಅವಳನ್ನು ಕಂಡ ಕೂಡಲೇ ಎದ್ದು, “ಆವೋ ಅಮ್ಮ, ನಿಮ್ಗೆ ಅಂತ ಎತ್ತಿಟ್ಟೀನಿ” ಎಂದು ಒಂದು ಡಬ್ಬ ಮುಂದೆ ತಳ್ಳಿದರು. ಅವಳು ಸೀರೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಸೈಕಲ್ ಬೆಲ್ಲಿನ ಎರಡು ಟೋಪಿ, ಜಟಕಾ ಕುದುರೆಯ ಕಣ್ಣುಪಟ್ಟಿಯ ಚರ್ಮ, ಸತ್ತುಹೋದ ಗೋಡೆ ಗಡಿಯಾರದ ಹಲ್ಲುಚಕ್ರಗಳು, ಇಂಥವನ್ನು ಆರಿಸಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದೆ. ಅವಳು ಕಂಡದ್ದು ನನಗೆ ಯಾಕೆ ಕಾಣುವುದಿಲ್ಲ ಎಂದು ಆ ಡಬ್ಬದೊಳಗೆ ಇಣುಕಿ ಇಣುಕಿ ನೋಡಿದೆ. ತುಕ್ಕು ಮಾತ್ರ ಕಂಡಿತು.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಅವಳು ಕೆ.ಆರ್. ಪೇಟೆ ಬಸ್ಸಿನಿಂದ ಇಳಿದಳು. ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಬಂದಿದ್ದ ಗೋಣಿಚೀಲದ ಗಂಟನ್ನು ಜಗಲಿಯ ಮೇಲೆ ಬಿಚ್ಚಿದಳು. ನಾನು ಕುರೂಪ ನೋಡಲು ಬಗ್ಗಿದೆ.

ಹಳೆಯ ಮೊರವೊಂದರ ಮೇಲೆ ಮುಖ ಕಟ್ಟಿದ್ದಳು. ಕಾಗದವನ್ನು ನೀರಲ್ಲಿ ಕೊಳೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ ಮೊರ ಮಂಕರಿಗಳಿಗೆ ಬಳಿಯುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು. ಕಿಂಡಿ ಮುಚ್ಚಿ ಹಿಟ್ಟು ಸೋರದೆ ಇರಲಿ ಎಂದು. ಅವಳು ಅದೇ ಹಿಟ್ಟಿನಲ್ಲಿ ಕೆನ್ನೆ, ಹಣೆ, ಗಲ್ಲ ಎಬ್ಬಿಸಿದ್ದಳು. ಬಣ್ಣ ಕೆಮ್ಮಣ್ಣಿನದು, ಅದರ ಮೇಲೆ ದೀಪದ ಮಸಿಯ ನೆರಳು. ಸೈಕಲ್ ಬೆಲ್ಲಿನ ಟೋಪಿಗಳು ಕಣ್ಣಾಗಿದ್ದವು, ಯಾವ ಕಡೆಯಿಂದ ನೋಡಿದರೂ ನಮ್ಮನ್ನೇ ನೋಡುತ್ತಿದ್ದವು. ಕುದುರೆಯ ಕಣ್ಣುಪಟ್ಟಿಯ ಚರ್ಮದ ಹುಬ್ಬು, ಚೌಕಾಬಾರದ ಕವಡೆಯ ಹಲ್ಲು, ನಮ್ಮ ಅಜ್ಜಿಯ ಕೆಂಪು ಸೀರೆಯ ತುಂಡಿನ ನಾಲಗೆ. ಯಾರದೋ ಹಳೆಯ ಚೌರಿ ಕೂದಲಾಗಿತ್ತು. ತಲೆಯ ಮೇಲೆ ಗಡಿಯಾರದ ಹಲ್ಲುಚಕ್ರಗಳ ಕಿರೀಟ. ಹಣೆಗೆ ಒಡೆದ ಬಳೆಯ ಚೂರುಗಳನ್ನು ಸಾಲಾಗಿ ಕೂರಿಸಿದ್ದಳು. ಕಿವಿಯಿಂದ ನಾಗಮಂಗಲದ ಹಿತ್ತಾಳೆ ಸರಪಳಿ ಇಳಿಬಿದ್ದು ಗಾಳಿಗೆ ಸಣ್ಣಗೆ ಸದ್ದು ಮಾಡುತ್ತಿತ್ತು. ಭಯವಾಗುವಂತೆಯೂ ಇತ್ತು, ಬಿಟ್ಟು ಹೋಗಲು ಮನಸ್ಸಾಗದಂತೆಯೂ ಇತ್ತು. ಅರಮನೆಯ ಬಾಗಿಲಿಗೆ ಕಟ್ಟಿದರೂ ಒಪ್ಪುವಂಥದ್ದನ್ನು ನನ್ನ ಬಾಗಿಲಿಗೆ ತಂದಿದ್ದಳು.

“ಎಂಗದೆ ಅಕ್ಕ?” ಎಂದಳು.

“ದೃಷ್ಟಿಗೊಂಬೆ ಇಂಗಿರ್ತದಾ? ಇದನ್ನ ನೋಡುದ್ರೆ ಯಾರು ಎದರ್ಕೋತಾರೆ?” ಎಂದೆ.

“ಎದರ್ಕೊಳಾಕಲ್ಲ ಕಣಕ್ಕ, ಕಣ್ ತುಂಬ್ಲಿ ಅಂತ” ಎಂದಳು. ಸ್ಟೂಲು ಹತ್ತಿ, ಬಾಗಿಲ ಮೇಲೆ ಚಾಚಿದ್ದ ಸಜ್ಜಾಕ್ಕೆ ತಾನೇ ಕಟ್ಟಿದಳು.

ಮರುದಿನ ನನ್ನ ಮನೆ ಒಕ್ಕಲಾಯಿತು. ಹಾಲು ಉಕ್ಕಿತು, ಹೋಮವಾಯಿತು, ಶಾಮಿಯಾನದ ಕೆಳಗೆ ಊಟದ ಪಂಕ್ತಿ ಎದ್ದಿತು. ಎಲ್ಲವೂ ಸರಿಯಾಗಿ ನಡೆಯಿತು. ಆದರೆ ಮನೆಯನ್ನು ಯಾರೂ ನೋಡಲಿಲ್ಲ. ಬಂದವರು ಗೇಟಿನಲ್ಲೇ ನಿಂತರು. ತಲೆ ಎತ್ತಿದವರು ಎತ್ತಿದ ಹಾಗೇ ಉಳಿದರು. “ಇದ್ಯಾರ್ ಮಾಡಿದ್ದು?” “ಕಣ್ ನೋಡಮ್ಮಿ, ನನ್ನೇ ನೋಡ್ತಾವೆ.” “ಅಲ್ಲು ಕವಡೆದಾ?” ನಾನು ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು, “ಬನ್ನಿ, ಒಳಗೆ ಬನ್ನಿ, ಮನೆ ನೋಡಿ” ಎಂದು ಕರೆದೆ. ಅವರು ಒಳಗೆ ಬಂದರು, ಊದುಬತ್ತಿಯ ಹೊಗೆಯಲ್ಲಿ ಕುಂಕುಮ ಇಟ್ಟುಕೊಂಡರು, ಮತ್ತೆ ಹೊರಗೆ ಹೋಗಿ ಕತ್ತೆತ್ತಿ ನಿಂತರು. ನನ್ನ ಶಾಲೆಯ ಹೆಡ್‌ಮಾಸ್ಟರ ಹೆಂಡತಿ ನನ್ನ ಹಸಿರು ಚುಕ್ಕೆಯ ಮೊಸಾಯಿಕ್ ಮೇಲೆ ನಡೆದುಕೊಂಡೇ ಹೋಗಿ ತಂಗಿಯ ಕೈ ಹಿಡಿದು, “ನಮ್ಗೂ ಒಂದು ಮಾಡ್ಕೊಡವ್ವ” ಎಂದು ಗೋಗರೆದರು. ಶೋಕೇಸಿನ ಗಾಜಿನ ಮೇಲೆ ಒಂದು ಬೆರಳ ಗುರುತೂ ಬಿದ್ದಿರಲಿಲ್ಲ.

ಗೊಂಬೆ ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ನನ್ನ ಮನೆಯ ಮೇಲೆ ಒಬ್ಬರ ಕಣ್ಣೂ ಬೀಳಲಿಲ್ಲ. ಜನ ಕಣ್ಣು ಬೀಳದಿರಲೆಂದು ಗೊಂಬೆ ಕಟ್ಟುತ್ತಾರೆ. ನನಗೆ ಕಣ್ಣು ಬೀಳಬೇಕಿತ್ತು ಕಣ್ರೀ. ಆವತ್ತು ನನಗೆ ತಂಗಿಯ ಮೇಲಿದ್ದ ಹೊಟ್ಟೆಕಿಚ್ಚು ಸಾಲದೆ ಒಂದು ಮೊರದ ಮೇಲೂ ಹೊಟ್ಟೆಕಿಚ್ಚಾಯಿತು.

ಅವ್ವ ಬೆಳಗೊಳದಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಬಂದವಳು ಗೊಂಬೆಯ ಎದುರು ಶಾಮಿಯಾನದ ಕಂಬಕ್ಕೆ ಒರಗಿ ಕೂತು, ತರಕಾರಿ ಹೆಚ್ಚುವ ಹೆಂಗಸರ ಜೊತೆ ಸೇರಿಕೊಂಡಳು. ಕೈ ಹುರುಳಿಕಾಯಿಯ ಮೇಲೆ, ಕಣ್ಣು ಗೊಂಬೆಯ ಮೇಲೆ. “ಚೆನ್ನಾಗದೆ, ಬಲು ಚೆನ್ನಾಗದೆ” ಎಂದು ಮಂತ್ರ ಹೇಳುವಂತೆ ಹೇಳುತ್ತಿದ್ದಳು. ಮಡಿಲಕ್ಕಿ ಕೊಡಲು ಒಂದೇ ಒಂದು ಸಲ ಒಳಗೆ ಬಂದಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ತಟ್ಟೆಯನ್ನೇ ನೋಡುತ್ತ ಬಂದು, ತಟ್ಟೆಯನ್ನೇ ನೋಡುತ್ತ ಹೋದಳು. ಅಡುಗೆಮನೆ ನೋಡು ಬಾ ಅವ್ವ ಎಂದರೆ, “ಇನ್ನೊಂದಿನ ಬತ್ತೀನಿ ತಗೋ, ಸೊಂಟ ನೋವು” ಎಂದಳು. ಸಂಜೆ ಸೊಂಟ ನೋವಿನವಳು ನಡೆದುಕೊಂಡೇ ಬಸ್ ಸ್ಟ್ಯಾಂಡಿಗೆ ಹೋದಳು. ನಾನು ಹೊಸ ಅಡುಗೆಮನೆಯ ಬಾಗಿಲು ಹಾಕಿಕೊಂಡು, ನನ್ನ ಸೊಂಟದ ಎತ್ತರದ ಕಟ್ಟೆಗೆ ಒರಗಿಕೊಂಡು ಅತ್ತುಬಿಟ್ಟೆ.

ಅಲ್ಲಿಗೆ ಮುಗಿಯಲಿಲ್ಲ. ಬೀದಿಯ ಜನ ತಮ್ಮ ನೆಂಟರನ್ನು ಕರೆದುಕೊಂಡು ಬಂದು ಗೊಂಬೆ ತೋರಿಸತೊಡಗಿದರು. ಮನೆಗೆ ವಿಳಾಸ ಹೇಳುವಾಗ ‘ಗೊಂಬೆ ಮನೆ’ ಎಂದರೆ ಸಾಕಾಯಿತು. ಮೇಷ್ಟ್ರಮ್ಮನ ಮನೆ ಎಂದು ಯಾರೂ ಅನ್ನಲಿಲ್ಲ. ನಮ್ಮ ಜೊತೆಗೇ ಇದ್ದ ಅತ್ತೆಗೆ ಹೊಸ ಭಯ ಹತ್ತಿತು: ಇಷ್ಟೊಂದು ಜನ ನೋಡಿದರೆ ಗೊಂಬೆಗೇ ದೃಷ್ಟಿ ತಾಗಿ ಅದೇ ಬಿದ್ದುಹೋದರೆ ಮನೆಯ ಗತಿಯೇನು? ಒಂದು ಸಂಜೆ ಉಪ್ಪು, ಮೆಣಸಿನಕಾಯಿ, ಹಳೆಯ ಪೊರಕೆ ಹಿಡಿದು ಗೊಂಬೆಗೆ ನೀವಾಳಿಸಿ ಒಲೆಗೆ ಹಾಕಿದರು. ಸಾಲದೆಂದು ಅದರ ಗಲ್ಲದ ಕೆಳಗೆ ಮಸಿ ಬಳಿದ ಒಂದು ಕುಡಿಕೆಯನ್ನೂ ಕಟ್ಟಿಸಿದರು. ದೃಷ್ಟಿಗೊಂಬೆಗೊಂದು ದೃಷ್ಟಿಗೊಂಬೆ. ಯಜಮಾನರು ಪೇಪರಿನ ಹಿಂದಿನಿಂದ, “ಕುಡಿಕೆನೂ ಚೆಂದಾಗದೆ ಕಣಮ್ಮಿ, ಅದ್ಕೂ ಒಂದ್ ಕಟ್ಬುಡಿ” ಎಂದರು. ನನಗೆ ನಗು ಬರಲಿಲ್ಲ.

ಒಂದು ದಿನ ಶಾಲೆಯಿಂದ ಬಂದಾಗ ಗೇಟಿನ ಹತ್ತಿರ ಇಬ್ಬರು ನಿಂತಿದ್ದರು. ಹೊಸದಾಗಿ ಸುಣ್ಣ ಹೊಡೆಸಿದ ನನ್ನ ಗೋಡೆಗೆ ಬೆನ್ನು ಕೊಟ್ಟು, ಕಾಲನ್ನೂ ಅದಕ್ಕೇ ಊರಿ, ಕತ್ತೆತ್ತಿ ಗೊಂಬೆ ನೋಡುತ್ತಿದ್ದರು. ಗೋಡೆಯ ಮೇಲೆ ಚಪ್ಪಲಿಯ ಗುರುತು ಮೂಡಿತ್ತು. ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. ಬಸ್ ಸ್ಟ್ಯಾಂಡಿನ ಟೆಲಿಫೋನ್ ಬೂತಿಗೆ ಹೋಗಿ, ಅಕ್ಕಿಹೆಬ್ಬಾಳಿನಲ್ಲಿ ತಂಗಿಯ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸಿದೆ.

“ಭಾನುವಾರ ಬಂದು ನಿನ್ ಗೊಂಬೆ ತಗೊಂಡೋಗು. ನನ್ ಮನೆಗೆ ಮಡಕೆ ಸಾಕು” ಎಂದೆ.

ಅವಳು, “ಅವತ್ತಿಂದೀಚೆಗೆ ಅವ್ವ ಒಳಿಕ್ಕೆ ಬಂದಿದ್ಲಾ?” ಎಂದು ಕೇಳಿದಳು.

ಇಷ್ಟು ಸಿಟ್ಟಿನಲ್ಲಿ ನಾನಿದ್ದರೆ ಇವಳು ಅವ್ವನ ಸುದ್ದಿ ಕೇಳುತ್ತಾಳಲ್ಲ ಎಂದು ಮೈ ಉರಿಯಿತು. ಫೋನು ಕುಕ್ಕಿದೆ.

ಭಾನುವಾರ ಅವಳು ಬೆಳಗೊಳದ ದಾರಿ ಹಿಡಿದು, ಅವ್ವನನ್ನೂ ಕರೆದುಕೊಂಡು, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಬಂದಳು. ಅವರು ಗೇಟು ತೆರೆಯುವಾಗ ನಾನಾಗಲೇ ಸ್ಟೂಲು ಹತ್ತಿ ನಿಂತಿದ್ದೆ. ಕುಡಿಕೆಯನ್ನು ಬಿಚ್ಚಿ ಆಗಿತ್ತು, ಗೊಂಬೆಯ ಹಗ್ಗದ ಗಂಟಿಗೆ ಕೈ ಹಾಕಿದ್ದೆ.

“ತಗೀಬ್ಯಾಡ ಕಣವ್ವ” ಎಂದಳು ಅವ್ವ. “ನಾನಿನ್ನೂ ನಿನ್ ಮನೆ ನೋಡಿಲ್ಲ.”

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. “ನೋಡ್ಬ್ಯಾಡ ಅಂದೋರ್ಯಾರು? ಬಾಗ್ಲಲ್ಲಿ ನಿಂತ್ಕೊಂಡು ಕರ್ದೆ, ಬಂದ್ಯಾ ನೀನು? ಅವ್ಳ್ ಕಟ್ಟಿದ ಕುಚ್ಚು ನೋಡ್ದೆ, ನನ್ ಮಕ ನೋಡ್ಲಿಲ್ಲ. ಅವ್ಳ್ ಮಾಡಿದ್ ಮೊರ ನೋಡ್ದೆ, ನನ್ ಮನೆ ನೋಡ್ಲಿಲ್ಲ. ನಾನೇನ್ ತಿಪ್ಪೆಲಿ ಸಿಕ್ಕಿದ್ನಾ ನಿಂಗೆ? ತಿಪ್ಪೇಲಿ ಸಿಕ್ಕಿದ್ರೆ ಅವ್ಳಾದ್ರೂ ಎತ್ಕೊಂಡು ಚೆಂದ ಮಾಡೋಳು.” ಸ್ಟೂಲಿನ ಮೇಲೆ ನಿಂತು ಹೇಳುತ್ತಿದ್ದರಿಂದ ಬೀದಿಗೆಲ್ಲ ಕೇಳಿಸಿರಬೇಕು.

ಅವ್ವ ಜಗಲಿಯ ಮೇಲೆ ಕೂತಳು. ನೆಲ ನೋಡಿಕೊಂಡೇ ಮಾತಾಡಿದಳು.

ನಾನು ಚಿಕ್ಕವಳಿದ್ದಾಗ ಒಂದು ಯುಗಾದಿಗೆ ಹೊಸ ಲಂಗ ತೊಡಿಸಿ, ತಲೆ ಬಾಚಿ, ಕನಕಾಂಬರ ಮುಡಿಸಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದಳಂತೆ. ಬಿಸಿಲು ಮುಖದ ಮೇಲೆ ಬಿದ್ದಿತ್ತಂತೆ. “ಅಯ್ಯೋ ನನ್ ಮಗಳು ಎಷ್ಟ್ ಚೆಂದಾಗವ್ಳೆ ಅಂದ್ಬುಟ್ಟೆ ಕಣವ್ವ. ಬಾಯ್ತುಂಬ ಅಂದ್ಬುಟ್ಟೆ. ದಿಷ್ಟಿಬೊಟ್ಟು ಇಡೋದು ಮರ್ತಿದ್ದೆ.” ಅವತ್ತೇ ಸಂಜೆ ನನಗೆ ಜ್ವರ ಬಂತು. ಆ ಜ್ವರದ ವಿಷಯ ನನಗೆ ಗೊತ್ತಿತ್ತು. ಬಹಳ ದಿನ ಮಲಗಿದ್ದೆ, ತಲೆಗೂದಲೆಲ್ಲ ಉದುರಿತ್ತು, ಮಾತು ನಿಂತುಹೋಗಿತ್ತು ಎಂದು ಮನೆಯಲ್ಲಿ ಹೇಳುತ್ತಿದ್ದರು. ವಿಷಮಶೀತ ಜ್ವರ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಅವ್ವ ಮಾತ್ರ ಆ ಜ್ವರಕ್ಕೆ ಬೇರೆ ಹೆಸರು ಕೊಟ್ಟಿದ್ದಳು.

“ಎತ್ತೋಳ್ ಕಣ್ಣೇ ಮೊದ್ಲು ತಾಗೋದು ಅಂತಾರೆ. ನನ್ ಕಣ್ಣು ಕೆಟ್ಟದ್ದು. ನೀ ಬದುಕುದ್ರೆ ಸಾಕು, ಇನ್ನು ನಿನ್ನ ನೋಡಾಕಿಲ್ಲ, ಒಗಳಾಕಿಲ್ಲ ಅಂತ ದೇವ್ರ್ ಮುಂದೆ ಏಳ್ಕೊಂಡೆ” ಎಂದಳು. “ನೀ ಏನ್ ಮಾಡುದ್ರೂ ಚೆಂದಾಗೇ ಮಾಡ್ತಿದ್ದೆ. ನಾನೇನ್ ಮಾಡ್ಲಿ, ಮಕ ತಿರುಗುಸ್ಕೋತಿದ್ದೆ. ಮುರುಕ್ ಸಾಮಾನ್ಗೆ ಕಣ್ ತಾಗಾಕಿಲ್ಲ ಅಂತ ಅವ್ಳ್ ಮಾಡಿದ್ದನ್ನ ಒಗಳ್ತಿದ್ದೆ.”

ನಾನು ಸ್ಟೂಲಿನಿಂದ ಇಳಿಯಲಿಲ್ಲ. ಇಳಿಯಬೇಕೆಂದು ತೋಚಲಿಲ್ಲ. ತಂಗಿ ಕೆಳಗೆ ನಿಂತು ಸ್ಟೂಲಿನ ಕಾಲು ಹಿಡಿದುಕೊಂಡಿದ್ದಳು.

“ನಿಂಗೆ ಗೊತ್ತಿತ್ತಾ?” ಎಂದು ಅವಳನ್ನು ಕೇಳಿದೆ.

“ಊಂ. ನಿನ್ ಮದ್ವೇಲಿ ಏಳಿದ್ಲು. ಒಲೆ ಅತ್ರ ಕೂತ್ಕೊಂಡು ಅಳ್ತಿದ್ಲು” ಎಂದಳು. “ಅದ್ಕೇ ಇದನ್ನ ಇಷ್ಟ್ ಚೆಂದ ಮಾಡ್ದೆ. ಇಲ್ಲೇ ಅವ್ಳ್ ಕಣ್ ತುಂಬೋದ್ರೆ ಒಳಿಕ್ಕೆ ಧೈರ್ಯವಾಗಿ ಬತ್ತಾಳೆ ಅಂತ. ಆದ್ರೂ ಅವತ್ತು ಎದರ್ಕೊಂಡ್ಳು.”

ಇಷ್ಟು ಕೇಳಿದ ಮೇಲೆ ಕರಗಬೇಕಿತ್ತು ನಾನು. ಕರಗಿದೆನೋ ಏನೋ. ಆದರೆ ಮೊದಲು ಬಂದದ್ದು ಅದೇ ಹಳೆಯ ಉರಿ. ನನ್ನ ಅವ್ವ ನನಗಾಗಿ ಅತ್ತದ್ದು ಕೂಡ ಇವಳಿಗೇ ಮೊದಲು ಗೊತ್ತಾಯಿತಲ್ಲ, ಅದನ್ನು ಇಷ್ಟು ವರ್ಷ ಇವಳೊಬ್ಬಳೇ ಇಟ್ಟುಕೊಂಡಿದ್ದಳಲ್ಲ ಎಂದು.

ಅವ್ವ ಎದ್ದಳು. ಗೊಂಬೆಯ ನೇರಕ್ಕೆ ಬಂದು ನಿಂತು, ಸೆರಗು ತಲೆಯಿಂದ ಸರಿಸಿ, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ರೆಪ್ಪೆ ಬಡಿಯದೆ, ಕಣ್ಣಲ್ಲಿ ನೀರು ಬರುವ ತನಕ ನೋಡಿದಳು. ಆಮೇಲೆ ಬಲಗಾಲಿಟ್ಟು ಒಳಗೆ ಹೋದಳು. ನಾನು ಸ್ಟೂಲಿನಿಂದ ಇಳಿದು ಅವಳ ಹಿಂದೆ ಹೋದೆ.

ಹಾಲಿನ ನಡುವೆ ಕೂತು ನೆಲವನ್ನು ಅಂಗೈಯಿಂದ ಸವರಿದಳು. ಒಂದು ಹಸಿರು ಚುಕ್ಕೆಯಿಂದ ಇನ್ನೊಂದಕ್ಕೆ ಬೆರಳು ಎಳೆದಳು.

“ಇದೇನವ್ವ ನೆಲ, ಮಚ್ಚೆ ಮಚ್ಚೆ” ಎಂದಳು. “ಒಂಚೂರೂ ಚೆನ್ನಾಗಿಲ್ಲ.”

ಇಷ್ಟು ಕಾದು ಕೇಳಿದ್ದು ಇದನ್ನೇ ಎಂದುಕೊಂಡೆ. ಆಮೇಲೆ ಅವಳ ಕೈ ನೋಡಿದೆ. ಆ ಕೈ ನೆಲವನ್ನು ಬಿಡುತ್ತಿರಲಿಲ್ಲ.

ಶೋಕೇಸಿನ ಗಾಜಿನ ಬಾಗಿಲನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. “ಕೆಲ್ಸಕ್ಕೆ ಬಾರದ್ದು. ಧೂಳ್ ತುಂಬ್ಕೊಳಾಕೆ ಒಂದು ಪೆಟ್ಗೆ” ಎಂದಳು. ಕಿಟಕಿಯ ಹತ್ತಿರ ನಿಂತಾಗ ಗಾಳಿಗೆ ಅವಳ ಸೆರಗು ಹಾರಿ ಹೆಗಲಿನಿಂದ ಜಾರಿತು. “ಗಾಳಿನೇ ಬರಾಕಿಲ್ಲ, ಈ ಮನೇಲಿ ಎಂಗಿದ್ದೀಯೋ” ಎಂದು ಸೆರಗು ಹಿಡಿದುಕೊಂಡಳು. ಅಡುಗೆಮನೆಗೆ ಹೋಗಿ ಕಟ್ಟೆಯ ಮುಂದೆ ನಿಂತು, ಅದರ ಮೇಲೆ ಎರಡೂ ಕೈಯೂರಿ ಬಾಗಿ, ಎಷ್ಟೋ ಹೊತ್ತು ಹಾಗೇ ನಿಂತಳು. ಜೀವಮಾನವೆಲ್ಲ ನೆಲದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬೇಯಿಸಿದವಳು.

“ಎತ್ರ ಸರ್ಯಾಗಿಲ್ಲ” ಎಂದಳು.

“ಊಂ ಅವ್ವ, ಮೇಸ್ತ್ರಿ ಕೆಡುಸ್ಬುಟ್ಟ” ಎಂದೆ.

ಆಗ ಅವಳು ನನ್ನ ಕಡೆ ತಿರುಗಿದಳು. ಯುಗಾದಿಯ ಆ ಬೆಳಗಿನ ನಂತರ ಅವಳು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಹಣೆ ನೋಡಿದಳು, ಕಣ್ಣು ನೋಡಿದಳು, ಕಿವಿಯ ಹತ್ತಿರ ಬೆಳ್ಳಗಾಗುತ್ತಿದ್ದ ಕೂದಲು ನೋಡಿದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಗುಜರಿ ಅಂಗಡಿಯಲ್ಲಿ ತಂಗಿ ಬೆಲ್ಲಿನ ಟೋಪಿಯನ್ನು ನೋಡಿದ್ದು ಹೀಗೇ.

“ನೀನೂ ಅಷ್ಟೇಯ” ಎಂದಳು. “ಒಣಗೋಗಿದ್ದೀಯ. ಕರ್ರಗಾಗಿದ್ದೀಯ. ನೋಡಾಕಾಗಾಕಿಲ್ಲ ನಿನ್ನ.”

ಅಷ್ಟು ಸುಖವಾದ ಮಾತನ್ನು ನನಗೆ ಯಾರೂ ಆಡಿರಲಿಲ್ಲ.

ತಂಗಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕೈಯಲ್ಲಿ ನಾನು ಬಿಚ್ಚಿ ಇಟ್ಟಿದ್ದ ಮಸಿ ಕುಡಿಕೆಯಿತ್ತು, ಬೆರಳೆಲ್ಲ ಕಪ್ಪಾಗಿದ್ದವು.

“ಅವ್ವ, ನನ್ ಗೊಂಬೆ?” ಎಂದು ಕೇಳಿದಳು. ಮೆಲ್ಲಗೆ, ಚಿಕ್ಕ ಹುಡುಗಿ ಕೇಳುವ ಹಾಗೆ.

ಅವ್ವ ನನ್ನ ಗಲ್ಲ ಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

“ಅದು ಚೆನ್ನಾಗದೆ ಬುಡು” ಎಂದಳು.

ನಾನು ಅವಳ ಹೆಗಲಾಚೆ ತಂಗಿಯ ಮುಖ ನೋಡಿದೆ. ಆ ಮುಖ ನನಗೆ ಹೊಸದಾಗಿರಲಿಲ್ಲ. ಬೆಳಗೊಳದ ಮನೆಯ ಕನ್ನಡಿಯಲ್ಲಿ ನಾನು ದಿನಾ ನೋಡಿಕೊಂಡು ಬೆಳೆದ ಮುಖ ಅದು.